ಗಾಳಿ ಬೆಳಕುಗಳ ಶಿಲ್ಪಿ: ಆಟೋ ಕೋನಿಗ್ಸ್‌ಬರ್ಗರ್

ಬೇಲೂರು ಹಳೇಬೀಡುಗಳ ಶಿಲ್ಪಿಗಳನ್ನು ನಾಡು ಇಂದಿಗೂ ಕೊಂಡಾಡುತ್ತದೆ. ಅದು ಉಚಿತವೇ ಸರಿ. ಆದರೆ ನಾವು ಕುಳಿತು ಓದುವ ಕೊಠಡಿ, ಉಣ್ಣುವ ಮನೆ, ದುಡಿಮೆಗಾರನು ತಲೆಯೂರುವ ಸೂರು ಇವುಗಳಿಗಾಗಿ ಜೀವ ತೇಯ್ದವರನ್ನು ನೆನೆಯುವವರು ವಿರಳ. ಅಂತಹ ಮಹನೀಯರಲ್ಲಿ ಆಟೋ ಕೋನಿಗ್ಸ್‌ಬರ್ಗರ್ ಒಬ್ಬರು. ಯಶವಂತಪುರಕ್ಕೆ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅವರು ರೂಪಿಸಿದ ಕಟ್ಟಡಗಳಿವೆ.

ಅವರು ಜನಿಸಿದ್ದು 1908ರಲ್ಲಿ, ಬರ್ಲಿನ್ ನಗರದಲ್ಲಿ. ಅಲ್ಲಿಯೇ ಹಾನ್ಸ್ ಪೋಲ್ಜಿಗ್ ಎಂಬ ಪ್ರಸಿದ್ಧ ವಾಸ್ತುಶಿಲ್ಪಿಯ ಬಳಿ ವಿದ್ಯಾಭ್ಯಾಸ ಮಾಡಿದರು. 1933ರಲ್ಲಿ ಎಳೆಯ ವಾಸ್ತುಶಿಲ್ಪಿಗಳಿಗೆ ಸಲ್ಲುವ ಷಿಂಕೆಲ್ ಬಹುಮಾನವು ಅವರಿಗೆ ದೊರೆಯಿತು. ಅದೇ ವರ್ಷ ಹಿಟ್ಲರನು ಅಧಿಕಾರಕ್ಕೆ ಬಂದನು. ಯೆಹೂದ್ಯರಾಗಿ ಹುಟ್ಟಿದ ತಪ್ಪಿಗೆ ಕೋನಿಗ್ಸ್‌ಬರ್ಗರ್ ಕೆಲಸ ಕಳೆದುಕೊಂಡರು, ದೇಶವನ್ನೂ ಬಿಟ್ಟರು. ಈಜಿಪ್ಟಿಗೆ ಹೋಗಿ ಪ್ರಾಚೀನ ಕಟ್ಟಡಗಳ ಸಂಶೋಧನೆಯಲ್ಲಿ ತೊಡಗಿ, ಪುರಾತನ ಈಜಿಪ್ಟಿನವರು ಬಾಗಿಲನ್ನು ಹೇಗೆ ರಚಿಸುತ್ತಿದ್ದರೆಂಬ ವಿಷಯವಾಗಿ ಪ್ರಬಂಧ ಬರೆದು ಡಾಕ್ಟರೇಟ್ ಪಡೆದರು. ಅವರ ಸೋದರಮಾವ, ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಸಿ. ವಿ. ರಾಮನ್ನರ ಆಹ್ವಾನದ ಮೇರೆಗೆ 1935ರಲ್ಲಿ ಬೆಂಗಳೂರಿಗೆ ಬಂದು ಕೆಲವು ತಿಂಗಳು ಇದ್ದವರು. 1939ರಲ್ಲಿ ಅಳಿಯನೂ ಮೈಸೂರು ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾಗಿ ಇದೇ ಊರಿಗೆ ಬಂದರು.

ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಗುಮ್ಮಟ, ಕಮಾನು, ಅಲಂಕಾರಗಳೆಂದರೆ ಅವರಿಗೆ ಪ್ರೀತಿ. ಅಲಂಕಾರವನ್ನು ತೊರೆದ ಹೊಸ ಪಂಥದಲ್ಲಿ ಬೆಳೆದ ತರುಣನಿಗೆ ಇದು ಸುಲಭದ ಹೊಂದಾಣಿಕೆಯಾಗಿರಲಿಲ್ಲ. ಆದರೂ ಅವರು ಜಗಳವಾಡಿ ಹೊರಡಲಿಲ್ಲ. ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ ಅವರ ಆರಂಭದ ರಚನೆಗಳಲ್ಲೊಂದು. ವಿಜ್ಞಾನ ಸಂಸ್ಥೆಗಾಗಿ ವಿಮಾನ ಎಂಜಿನಿಯರಿಂಗ್ ವಿಭಾಗ, ಲೋಹಶಾಸ್ತ್ರ ವಿಭಾಗ, ವಿದ್ಯಾರ್ಥಿಗಳ ಭೋಜನಶಾಲೆ ಮುಂತಾದವನ್ನು ರೂಪಿಸುವಾಗ ಅವರ ಪ್ರತಿಭೆಗೆ ಪೂರ್ಣ ಅವಕಾಶ ದೊರೆಯಿತು.

ಅವರ ವಿಧಾನದ ತಿರುಳು ಸರಳವಾದುದು. ನಮ್ಮ ನಾಡಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಸಮೀಪದಲ್ಲಿರುತ್ತಾನೆ. ಆ ಬಿಸಿಲನ್ನು ಮುಂಚಾಚಿದ ಸೂರೇ ತಡೆಯಬಲ್ಲದು. ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲಾದರೋ ಪೂರ್ವ ಪಶ್ಚಿಮದ ಗೋಡೆಗಳನ್ನು ನೇರವಾಗಿ ಕಾಯಿಸುತ್ತದೆ. ಆದುದರಿಂದ ಆ ಎರಡು ಗೋಡೆಗಳನ್ನು ಚಿಕ್ಕದು ಮಾಡಿ, ಉದ್ದದ ಗೋಡೆಗಳನ್ನು ಉತ್ತರ ದಕ್ಷಿಣಗಳಿಗೆ ತಿರುಗಿಸಬೇಕು. ಎದುರುಬದುರು ಕಿಟಕಿಗಳಿದ್ದರೆ ಒಂದು ಕಡೆ ನುಗ್ಗಿದ ಗಾಳಿ ಇನ್ನೊಂದು ಕಡೆ ಹೊರಟುಹೋಗುತ್ತದೆ. ಕಟ್ಟಡದ ಚೆಲುವು ಈ ಲೆಕ್ಕಾಚಾರದಿಂದಲೇ ಹುಟ್ಟಬೇಕೆಂಬುದು ಅವರ ನಿಲುವು.

ಕಟ್ಟಡದಿಂದ ಅವರ ದೃಷ್ಟಿ ಊರಿನತ್ತ ಹರಿಯಿತು. ಕಬ್ಬಿಣದ ಕಾರ್ಖಾನೆಯ ಭದ್ರಾವತಿಗೂ ಟಾಟಾ ಅವರ ಜಂಷೆಡ್‌ಪುರಕ್ಕೂ ನಗರಯೋಜನೆಗಳನ್ನು ಸಿದ್ಧಪಡಿಸಿದರು. 1948ರಲ್ಲಿ ಒರಿಸ್ಸಾದ ಹೊಸ ರಾಜಧಾನಿ ಭುವನೇಶ್ವರದ ಯೋಜನೆಯನ್ನು ರಚಿಸಿದರು. ಶಾಲೆ, ಅಂಗಡಿಗಳು ನಡೆದು ಹೋಗುವಷ್ಟು ಹತ್ತಿರದಲ್ಲಿರುವ ಬಡಾವಣೆಗಳೇ ಅದರ ಬುನಾದಿ.

ಅದೇ ವರ್ಷ ಅವರು ಭಾರತ ಸರ್ಕಾರದ ವಸತಿ ನಿರ್ದೇಶಕರಾದರು. ದೇಶ ವಿಭಜನೆಯಿಂದ ಲಕ್ಷಾಂತರ ಮಂದಿ ಬೀದಿಪಾಲಾಗಿದ್ದ ಕಾಲವದು. ಯಂತ್ರಗಳಿಂದ ಗೋಡೆಯ ಹಲಗೆಗಳನ್ನು ಎರಕ ಹೊಯ್ದು ಬೇಗ ಮನೆಗಳನ್ನು ಒದಗಿಸಲೆಂದು ದೆಹಲಿಯಲ್ಲಿ ಕಾರ್ಖಾನೆಯೊಂದು ಸ್ಥಾಪಿತವಾಯಿತು. ಹಲಗೆಗಳು ದೋಷಪೂರಿತವಾದವು, ಯೋಜನೆ ಮುರಿದುಬಿತ್ತು, ಟೀಕೆಗಳ ಸುರಿಮಳೆಯಾಯಿತು. 1951ರಲ್ಲಿ ಕೋನಿಗ್ಸ್‌ಬರ್ಗರ್ ಭಾರತವನ್ನು ಬಿಟ್ಟು ಲಂಡನ್ನಿಗೆ ತೆರಳಿದರು.

ಅವರ ಹಿರಿಮೆ ಬೆಳಗಿದ್ದು ಈ ಸೋಲಿನ ಬಳಿಕವೇ. ಕೆಲವು ವರ್ಷಗಳ ಮೇಲೆ ವಿಶ್ವಸಂಸ್ಥೆಯ ತಂಡದಲ್ಲಿ ಅವರು ಆಫ್ರಿಕದ ಗೋಲ್ಡ್ ಕೋಸ್ಟಿಗೆ, ಎಂದರೆ ಇಂದಿನ ಘಾನಾಕ್ಕೆ, ಹೋದರು. ಅಲ್ಲಿಯ ಜನ ಗೋಡೆಗಳನ್ನು ತಾವೇ ಎಬ್ಬಿಸಿಕೊಳ್ಳಬಲ್ಲವರಾಗಿದ್ದರು. ಹಣ ಸಾಲದೆ ನಿಲ್ಲುತ್ತಿದ್ದುದು ಚಾವಣಿಯಲ್ಲಿ. ಇಡೀ ಮನೆಯನ್ನು ಕಟ್ಟಿಕೊಡುವ ಬದಲು ಚಾವಣಿಗೆ ಮಾತ್ರ ಸಾಲ ಕೊಡಿರೆಂದು ತಂಡವು ಸಲಹೆ ನೀಡಿತು. ನಮ್ಮ ಹಳ್ಳಿಗಳಲ್ಲಿ ಗೋಡೆ ಎದ್ದು, ಹೆಂಚಿನ ಹಣಕ್ಕಾಗಿ ವರ್ಷಗಟ್ಟಲೆ ಬಯಲಾಗಿ ನಿಂತ ಮನೆಗಳನ್ನು ಕಂಡವರಿಗೆ ಈ ಸಲಹೆಯ ಬೆಲೆ ತಿಳಿಯುತ್ತದೆ. ಬಡವನು ದಾನಕ್ಕೆ ಕೈಯೊಡ್ಡಿ ನಿಂತವನಲ್ಲ, ಅರ್ಧ ಮನೆ ಕಟ್ಟಿ ಮುಗಿಸಿದವನು ಎಂಬ ಗೌರವ ಅದರಲ್ಲಿದೆ.

ಲಂಡನ್ನಿನಲ್ಲಿ ಕಲಿಯುತ್ತಿದ್ದ ನೈಜೀರಿಯಾದ ವಿದ್ಯಾರ್ಥಿಯೊಬ್ಬನು, ಚಳಿದೇಶದ ಪಾಠ ತನ್ನ ಉಷ್ಣದೇಶಕ್ಕೆ ಒದಗದೆಂದು ದೂರಿದನು. ಅದರ ಫಲವಾಗಿ 1953ರಲ್ಲಿ ಸಮ್ಮೇಳನವೊಂದು ನಡೆದು, ಮರುವರ್ಷ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಶಾಲೆಯಲ್ಲಿ ಉಷ್ಣವಲಯದ ವಾಸ್ತುಶಿಲ್ಪ ವಿಭಾಗ ತೆರೆಯಿತು. ಕೋನಿಗ್ಸ್‌ಬರ್ಗರ್ ಅದನ್ನು ಬಹುಕಾಲ ನಡೆಸಿದರು. ಏಷ್ಯಾ, ಆಫ್ರಿಕಗಳಿಂದ ಬಂದ ವಿದ್ಯಾರ್ಥಿಗಳು ಆ ವಿದ್ಯೆಯನ್ನು ತಮ್ಮ ತಮ್ಮ ದೇಶಗಳಿಗೆ ಕೊಂಡೊಯ್ದರು. 1974ರಲ್ಲಿ ಸಹೋದ್ಯೋಗಿಗಳೊಡನೆ ಅವರು ಹೊರತಂದ ಉಷ್ಣವಲಯದ ಗೃಹನಿರ್ಮಾಣದ ಕೈಪಿಡಿ ವಾಸ್ತುಶಿಲ್ಪ ಕಾಲೇಜುಗಳ ಪಠ್ಯವಾಯಿತು. 1999ರಲ್ಲಿ ಅವರು ಲಂಡನ್ನಿನಲ್ಲಿ ನಿಧನರಾದರು.

ಇಂದು ಹೆಬ್ಬಾಳದಿಂದ ಯಲಹಂಕದ ಕಡೆಗೆ ಹೋಗುವ ಹೆದ್ದಾರಿಯ ಇಕ್ಕೆಲಗಳಲ್ಲಿ ಗಾಜಿನ ಸೌಧಗಳು ಏಳುತ್ತಿವೆ. ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ. ಆ ಬಿಸಿಯನ್ನು ಹೊರದೂಡಲು ಹಗಲಿಡೀ ಯಂತ್ರ ಓಡಬೇಕು. ತಂಪಾದ ಗಾಳಿಗೆ ಹೆಸರಾದ ಊರಿನಲ್ಲಿ ಗಾಳಿಗೆ ಬಾಗಿಲು ಮುಚ್ಚಿ, ವಿದ್ಯುತ್ತಿಗೆ ಹಣ ತೆರುವುದನ್ನು ಪ್ರಗತಿಯೆಂದು ಕರೆಯುವುದು ಹೇಗೆ? ಮನೆಮಠ ಕಳೆದುಕೊಂಡು ಬಂದ ಪರದೇಶಿಯೊಬ್ಬರು ನಮ್ಮ ಬಿಸಿಲನ್ನೂ ಗಾಳಿಯನ್ನೂ ವಿದ್ಯಾರ್ಥಿಯಂತೆ ಓದಿ ಅರಿತುಕೊಂಡರು. ಇಲ್ಲಿಯೇ ಹುಟ್ಟಿದ ನಮಗೆ ಆ ಓದು ಕಷ್ಟವಾಗಲಾರದು. ನಾಳೆ ಮನೆ ಕಟ್ಟುವವರೂ, ಕಟ್ಟಿಸುವವರೂ, ಅದಕ್ಕೆ ಪರವಾನಗಿ ಕೊಡುವ ಅಧಿಕಾರಿಗಳೂ ನಮ್ಮೊಳಗಿಂದಲೇ ಬರತಕ್ಕವರಲ್ಲವೇ?