ಯಲ್ಲಂಬಳಸೆ ಸುಬ್ಬರಾಯರು: ಉಪಾಧ್ಯಾಯರೊಬ್ಬರ ತತ್ತ್ವಜಿಜ್ಞಾಸೆ

ಹೇಮಾವತಿಯ ದಡದ ಹೊಳೆನರಸೀಪುರವನ್ನು ವೇದಾಂತದ ಅಭ್ಯಾಸಿಗಳು ದೇಶವಿದೇಶಗಳಲ್ಲಿ ಗುರುತಿಸುವುದು ಅಲ್ಲಿನ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದಿಂದ. ಅದನ್ನು ಸ್ಥಾಪಿಸಿದ ಶ್ರೀ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳ ಹೆಸರು ಹಾಸನ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯ ಹಿರಿಯರಿಗೆ ಹೊಸತಲ್ಲ. ಆದರೆ ಕಾಷಾಯವನ್ನು ಧರಿಸುವ ಮೊದಲು ಅವರು ಶಾಲೆಯ ಉಪಾಧ್ಯಾಯರಾಗಿದ್ದರೆಂಬುದನ್ನು ಇಂದು ನೆನೆಯುವವರು ವಿರಳ. ಉಪಾಧ್ಯಾಯವರ್ಗದ ನಮಗೆ ಅದು ಮರೆಯತಕ್ಕ ಸಂಗತಿಯಲ್ಲ.

1880ರಲ್ಲಿ ಜನಿಸಿದ ಅವರ ಪೂರ್ವಾಶ್ರಮದ ಹೆಸರು ಯಲ್ಲಂಬಳಸೆ ಸುಬ್ಬರಾಯರು. ಪಾಠ ಹೇಳುವ ವೃತ್ತಿಯ ನಡುವೆಯೇ ಅವರು ಶಾಂಕರಭಾಷ್ಯಗಳ ವ್ಯಾಸಂಗಕ್ಕೆ ತೊಡಗಿದರು. ಎಚ್ಚರ, ಕನಸು, ತನಿನಿದ್ರೆ ಎಂಬ ಮೂರು ಅವಸ್ಥೆಗಳ ವಿಮರ್ಶೆಯೇ ವೇದಾಂತದ ಹೆಬ್ಬಾಗಿಲೆಂದು ಸಾರುತ್ತಿದ್ದ ಕೆ. ಎ. ಕೃಷ್ಣಸ್ವಾಮಿ ಅಯ್ಯರ್ ಅವರ ಸಹವಾಸವು ಅವರ ವಿಚಾರಕ್ಕೆ ದಿಕ್ಕು ತೋರಿಸಿತು. 1920ರಲ್ಲಿ ಬೆಂಗಳೂರಿನಲ್ಲಿ ಕಾರ್ಯಾಲಯವು ಆರಂಭವಾಯಿತು. 1937ರಲ್ಲಿ ಹೊಳೆನರಸೀಪುರಕ್ಕೆ ಬಂದಿತು.

ಅವರನ್ನು ವಿದ್ವಲ್ಲೋಕದಲ್ಲಿ ಒಂಟಿಯಾಗಿ ನಿಲ್ಲಿಸಿದುದು 1929ರ ‘ಮೂಲಾವಿದ್ಯಾನಿರಾಸ’. ಅವಿದ್ಯೆಯೆಂಬುದು ಅನಾದಿಯಾದ ಒಂದು ಭಾವವಸ್ತು, ಅದೇ ಈ ಜಗತ್ತಿಗೆ ಉಪಾದಾನ ಎಂಬುದು ಶಂಕರರ ಅನಂತರದ ವ್ಯಾಖ್ಯಾನಕಾರರ ಕಾಲದಿಂದ ಶತಮಾನಗಳುದ್ದಕ್ಕೂ ಬೇರೂರಿದ್ದ ಸಿದ್ಧಾಂತ. ಶಂಕರರ ಅಭಿಪ್ರಾಯ ಅದಲ್ಲವೆಂದು ಸುಬ್ಬರಾಯರು ವಾದಿಸಿದರು. ಆತ್ಮ, ಅನಾತ್ಮಗಳನ್ನು ಒಂದರಲ್ಲಿ ಇನ್ನೊಂದಾಗಿ ಬೆರೆಸಿ ತಿಳಿಯುವ ತಪ್ಪೇ ಅವಿದ್ಯೆ. ಅದರ ಹಿಂದೆ ಮತ್ತೊಂದು ವಸ್ತುವನ್ನು ಕಲ್ಪಿಸುವುದು ಭಾಷ್ಯಕ್ಕೂ ಅನುಭವಕ್ಕೂ ಸಲ್ಲದೆಂಬುದು ಅವರ ನಿಲುವು. ಇದು ಕೇವಲ ಪದಗಳ ಜಗಳವೆಂದು ತೋರಬಹುದು. ನನ್ನದೊಂದು ಹೋಲಿಕೆ ಹೇಳುವೆನು: ಏಳೆಂಟಲೆ ಐವತ್ತನಾಲ್ಕೆಂದು ಬರೆದ ಹುಡುಗನ ತಲೆಯಿಂದ ಯಾವ ಪದಾರ್ಥವನ್ನೂ ನಾವು ಕಿತ್ತು ತೆಗೆಯಬೇಕಾಗಿಲ್ಲ, ಐವತ್ತಾರೆಂದು ಅವನಿಗೆ ಕಂಡೊಡನೆ ತಪ್ಪು ಇಲ್ಲವಾಗುತ್ತದೆ. ಅಜ್ಞಾನವು ವಸ್ತುವಾಗಿದ್ದರೆ ಅರಿವಿನಿಂದ ಅದು ಅಳಿಯುವುದಾದರೂ ಹೇಗೆ? ಮನುಷ್ಯನ ಬಿಡುಗಡೆಯ ಪ್ರಶ್ನೆಯೇ ಇಲ್ಲಿ ಅಡಗಿದೆ.

ಪಂಡಿತರಿಂದ ತೀವ್ರ ವಿರೋಧ ಬಂದಿತು. ಅವರು ಗ್ರಂಥವನ್ನು ಸಂಸ್ಕೃತದಲ್ಲಿಯೇ ಬರೆದಿದ್ದರು. ಎದುರಾಳಿಗಳ ಭಾಷೆಯಲ್ಲಿ, ಅವರದೇ ಪ್ರಮಾಣಗಳಿಂದ ವಾದಕ್ಕೆ ನಿಂತ ಈ ಪ್ರಾಮಾಣಿಕತೆಯನ್ನು ಅವರ ಮತವನ್ನು ಒಪ್ಪದವರೂ ಮನ್ನಿಸಬೇಕು.

ಕರ್ತೃತ್ವವೂ ಅಧ್ಯಾಸದಿಂದಲೇ ಬಂದುದಾದರೆ ಧರ್ಮಾಧರ್ಮಗಳ ಗತಿಯೇನೆಂಬ ಆಕ್ಷೇಪಣೆ ಸಹಜವಾದುದು. ಸ್ವಾಮಿಗಳು ಕನ್ನಡಕ್ಕೆ ತಂದ ಬ್ರಹ್ಮಸೂತ್ರಭಾಷ್ಯದಲ್ಲಿಯೇ ಇದಕ್ಕೆ ಸಮಾಧಾನವಿದೆ. ತತ್ತ್ವಜ್ಞಾನವಾಗುವವರೆಗೆ ವಿಧಿನಿಷೇಧಗಳೆಲ್ಲ ಪೂರ್ಣ ಬೆಲೆಯುಳ್ಳವು. ಜೀವನ ಕರ್ತೃತ್ವವು ಈಶ್ವರಾಧೀನವಾದರೂ ಈಶ್ವರನು ಜೀವನು ಮಾಡಿದ ಪ್ರಯತ್ನವನ್ನು ನೋಡಿಯೇ ಫಲ ಕೊಡುತ್ತಾನೆ. ಮಳೆ ಎಲ್ಲ ಪೈರಿಗೂ ಒಂದೇ; ಬತ್ತವು ಬತ್ತವಾಗುವುದೂ ಜವೆಯು ಜವೆಯಾಗುವುದೂ ಅದರದರ ಬೀಜದಿಂದ. ಆದುದರಿಂದ ವಿಧಿಯ ಹೆಸರು ಹೇಳಿ ಕೈಕಟ್ಟಿ ಕೂಡಲು ಇಲ್ಲಿ ಎಡೆಯಿಲ್ಲ. ಮಳೆಯ ದಾರಿ ನೋಡುವ ನಮ್ಮ ಸೀಮೆಯ ರೈತನಿಗೆ ಈ ದೃಷ್ಟಾಂತವನ್ನು ಬಿಡಿಸಿ ಹೇಳಬೇಕಾಗಿಲ್ಲ.

1948ರಲ್ಲಿ ಅವರು ಸಂನ್ಯಾಸ ಸ್ವೀಕರಿಸಿದರು. ಬರವಣಿಗೆ ನಿಲ್ಲಲಿಲ್ಲ. ಕನ್ನಡ, ಸಂಸ್ಕೃತ, ಇಂಗ್ಲಿಷುಗಳಲ್ಲಿ ಅವರ ಕೃತಿಗಳು ಇನ್ನೂರನ್ನು ಮೀರುತ್ತವೆ; ಶಂಕರಭಾಷ್ಯಗಳ ಕನ್ನಡ ಅನುವಾದವೊಂದೇ ಒಬ್ಬರ ಆಯುಷ್ಯಕ್ಕೆ ಸಾಲುವಷ್ಟು ಕೆಲಸ. ಶಂಕರರ ಪೂರ್ವದಿಂದ ಅನಂತರದ ಆಚಾರ್ಯರವರೆಗೆ ವೇದಾಂತದ ಪ್ರಕ್ರಿಯೆಯನ್ನು ಪರಿಶೀಲಿಸುವ ಸಂಸ್ಕೃತದ ‘ವೇದಾಂತಪ್ರಕ್ರಿಯಾಪ್ರತ್ಯಭಿಜ್ಞಾ’ ಪ್ರಕಟವಾದುದು 1964ರಲ್ಲಿ, ಅವರಿಗೆ ಎಂಬತ್ತನಾಲ್ಕು ತುಂಬಿದ್ದಾಗ. ವಿಶ್ವವಿದ್ಯಾಲಯದ ಪೀಠದ ಆಸರೆಯಿಲ್ಲದೆ, ಚಿಕ್ಕ ಊರೊಂದರಲ್ಲಿ ನೆಲೆಸಿ ನಡೆಸಿದ ಸಂಶೋಧನೆಯಿದು.

1975ರಲ್ಲಿ ತಮ್ಮ ತೊಂಬತ್ತೈದನೆಯ ವಯಸ್ಸಿನಲ್ಲಿ ಸ್ವಾಮಿಗಳು ದೇಹವಿಟ್ಟರು. ಹದಿನಾಲ್ಕು ವರ್ಷಗಳ ಮೇಲೆ, 1989ರಲ್ಲಿ, ಎ. ಜೆ. ಆಲ್ಸ್ಟನ್ ಎಂಬ ಆಂಗ್ಲ ವಿದ್ವಾಂಸರು ಮಾಡಿದ ಆ ಮಹಾಗ್ರಂಥದ ಇಂಗ್ಲಿಷ್ ಅನುವಾದವು ಲಂಡನ್ನಿನಲ್ಲಿ ಅಚ್ಚಾಯಿತು. ಮೂಲಾವಿದ್ಯೆಯ ವಾದ ಮಾತ್ರ ಇನ್ನೂ ಮುಗಿದಿಲ್ಲ.