ಅಕೌಂಟೆನ್ಸಿ ಓದಿದ ವಿಜ್ಞಾನಿ

ನಮ್ಮ ಅಬ್ಬಾ ಗ್ಯಾರೇಜ್ ನಡೆಸುತ್ತಾರೆ. ಎಣ್ಣೆ ತಗುಲುವ ಜಾಗಕ್ಕೆ ಮಾಮೂಲಿ ರಬ್ಬರ್ ವಾಷರ್ ಹಾಕಿದರೆ ಅದು ಊದಿಕೊಂಡು ಮೆತ್ತಗಾಗುತ್ತದೆ, ಸೋರಲು ಶುರುವಾಗುತ್ತದೆ. ಇದಕ್ಕೆ ದಾರಿ ತೋರಿಸಿದವರಲ್ಲಿ ಅಮೆರಿಕದ ವ್ಯಾಲೇಸ್ ಕರೋಥರ್ಸ್ ಒಬ್ಬರು.

ಅವರು 1896ರಲ್ಲಿ ಅಯೋವಾ ರಾಜ್ಯದಲ್ಲಿ ಜನಿಸಿದರು. ನನಗೆ ಆಶ್ಚರ್ಯವಾದ ವಿಷಯವೆಂದರೆ, ತಂದೆ ಕಲಿಸುತ್ತಿದ್ದ ವಾಣಿಜ್ಯ ಕಾಲೇಜಿನಲ್ಲಿ ಅವರು ಮೊದಲು ಓದಿದ್ದು ಅಕೌಂಟೆನ್ಸಿ! ನಂತರ ರಸಾಯನಶಾಸ್ತ್ರಕ್ಕೆ ಬಂದು, 1928ರಲ್ಲಿ ಡ್ಯುಪಾಂಟ್ ಕಂಪನಿ ಸೇರಿದರು. 1930ರಲ್ಲಿ ಅವರ ತಂಡದ ಆರ್ನಾಲ್ಡ್ ಕಾಲಿನ್ಸ್ ನಿಯೋಪ್ರೀನ್ ಎಂಬ ಕೃತಕ ರಬ್ಬರ್ ತಯಾರಿಸಿದರು. ಅದರ ಅಣುಗಳಲ್ಲಿ ಕ್ಲೋರಿನ್ ಇರುವುದರಿಂದ ಎಣ್ಣೆ ಸುಲಭವಾಗಿ ಒಳಗೆ ಸೇರುವುದಿಲ್ಲ. 1935ರಲ್ಲಿ ಇದೇ ತಂಡದಿಂದ ನೈಲಾನ್ ಬಂತು.

ಇಷ್ಟು ಸಾಧಿಸಿದರೂ ಖಿನ್ನತೆ ಅವರನ್ನು ಬಿಡಲಿಲ್ಲ. 1937ರಲ್ಲಿ, 41ನೇ ವಯಸ್ಸಿನಲ್ಲಿ, ಅವರು ಆತ್ಮಹತ್ಯೆಯಿಂದ ತೀರಿಕೊಂಡರು. ನೈಲಾನ್ ಮಾರುಕಟ್ಟೆಗೆ ಬಂದದ್ದನ್ನು ಅವರು ನೋಡಲೇ ಇಲ್ಲ.

ಮೊದಲ ಟೆಸ್ಟಿನಲ್ಲಿ ಅಂಕ ಕಡಿಮೆ ಬಂದಾಗ ನಾನೂ ಎಷ್ಟೋ ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಕೊನೆಗೆ ಅಮ್ಮಿಗೆ ಹೇಳಿದೆ, ಮನಸ್ಸು ಹಗುರವಾಯಿತು. ಖಿನ್ನತೆಯೂ ಒಂದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಸ್ನೇಹಿತರೇ, ಮನಸ್ಸು ಭಾರವಾದರೆ ಮುಚ್ಚಿಡಬೇಡಿ. ಮನೆಯವರಿಗೋ ಉಪನ್ಯಾಸಕರಿಗೋ ವೈದ್ಯರಿಗೋ ಹೇಳಿ.