ಜೂಲಿಯಾ ಮಾರ್ಗರೆಟ್ ಕ್ಯಾಮರೂನ್

ಜೂಲಿಯಾ ಮಾರ್ಗರೆಟ್ ಕ್ಯಾಮರೂನ್ (ಜೂನ್ 11, 1815 – ಜನವರಿ 26, 1879) ಹತ್ತೊಂಬತ್ತನೆಯ ಶತಮಾನದ ಪ್ರಮುಖ ಬ್ರಿಟಿಷ್ ಛಾಯಾಗ್ರಾಹಕಿ. ಕಲ್ಕತ್ತೆಯಲ್ಲಿ ಹುಟ್ಟಿ ಸಿಲೋನಿನಲ್ಲಿ (ಇಂದಿನ ಶ್ರೀಲಂಕಾ) ನಿಧನರಾದ ಇವರಿಗೆ ಸ್ವಂತ ಕ್ಯಾಮೆರಾ ದೊರೆತದ್ದು ನಲವತ್ತೆಂಟನೆಯ ವಯಸ್ಸಿನಲ್ಲಿ. ಅಲ್ಲಿಂದ ಮುಂದಿನ ಹದಿನೈದು ವರ್ಷಗಳಷ್ಟೇ ಇವರ ಕಲಾಜೀವನ. ಮುಖವನ್ನು ಚೌಕಟ್ಟಿನ ತುಂಬ ಹಿಡಿದು, ಒಂದೇ ಬದಿಯಿಂದ ಬೆಳಕು ಬೀಳಿಸಿ, ಅಂಚುಗಳು ಕರಗಿದಂತೆ ತೆಗೆದ ಇವರ ಭಾವಚಿತ್ರಗಳು ಛಾಯಾಗ್ರಹಣದ ಇತಿಹಾಸದಲ್ಲಿ ವಿಶಿಷ್ಟ ಸ್ಥಾನ ಪಡೆದಿವೆ. ಇಂದು ಕಪ್ಪುಬಿಳುಪು ಭಾವಚಿತ್ರಕ್ಕೆ ಹಳೆಯ ಕಾಲದ ಛಾಯೆ ಕೊಡಲು ಗಣಕಯಂತ್ರದಲ್ಲಿ ಸೇರಿಸುವ ಮಸುಕು, ಕಂದು ವರ್ಣ, ಕತ್ತಲಾದ ಅಂಚು ಮತ್ತು ಗೀರುಗಳೆಲ್ಲವನ್ನೂ ಇವರ ಮೂಲಚಿತ್ರಗಳಲ್ಲಿ ಕಾಣಬಹುದು.

ಆರಂಭಿಕ ಜೀವನ

ತಂದೆ ಜೇಮ್ಸ್ ಪ್ಯಾಟ್ಲ್ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ. ತಾಯಿ ಅಡೆಲೀನ್ ಫ್ರೆಂಚ್ ಕುಲೀನ ಮನೆತನದವರು. ಜೂಲಿಯಾ ಅವರ ಶಿಕ್ಷಣ ಬಹುಪಾಲು ಫ್ರಾನ್ಸಿನಲ್ಲಿ, ಅಜ್ಜಿಯ ಆಶ್ರಯದಲ್ಲಿ ನಡೆಯಿತು. 1834ರಲ್ಲಿ ಭಾರತಕ್ಕೆ ಮರಳಿದ ಅವರು ಅನಾರೋಗ್ಯದ ನಿಮಿತ್ತ ಕೆಲಕಾಲ ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತದಲ್ಲಿ ತಂಗಿದರು. ಅವರ ಬದುಕನ್ನು ರೂಪಿಸಿದ ಇಬ್ಬರು ವ್ಯಕ್ತಿಗಳ ಪರಿಚಯವಾದದ್ದು ಅಲ್ಲಿಯೇ. ಒಬ್ಬರು ಖಗೋಳವಿಜ್ಞಾನಿ ಸರ್ ಜಾನ್ ಹರ್ಶೆಲ್. ಛಾಯಾಚಿತ್ರವು ಬೆಳಕಿಗೆ ಅಳಿದುಹೋಗದಂತೆ ಸ್ಥಿರಗೊಳಿಸಲು ಹೈಪೊ ದ್ರಾವಣವನ್ನು ಬಳಸಬಹುದೆಂದು ತೋರಿಸಿದವರು ಇವರೇ. ಇನ್ನೊಬ್ಬರು ತಮಗಿಂತ ಇಪ್ಪತ್ತು ವರ್ಷ ಹಿರಿಯರಾದ ನ್ಯಾಯಶಾಸ್ತ್ರಜ್ಞ ಚಾರ್ಲ್ಸ್ ಹೇ ಕ್ಯಾಮರೂನ್. ಮೆಕಾಲೆಯ ಅಧ್ಯಕ್ಷತೆಯ ಕಾನೂನು ಆಯೋಗದಲ್ಲಿ ಸದಸ್ಯರಾಗಿದ್ದ ಚಾರ್ಲ್ಸ್ ಅವರನ್ನು ಜೂಲಿಯಾ 1838ರಲ್ಲಿ ಕಲ್ಕತ್ತೆಯಲ್ಲಿ ವಿವಾಹವಾದರು.

1848ರಲ್ಲಿ ದಂಪತಿಗಳು ಇಂಗ್ಲೆಂಡಿಗೆ ತೆರಳಿದರು. 1860ರಲ್ಲಿ ಐಲ್ ಆಫ್ ವೈಟ್ ದ್ವೀಪದ ಫ್ರೆಶ್‌ವಾಟರ್‌ನಲ್ಲಿ, ಕವಿ ಟೆನಿಸನ್ನರ ನೆರೆಯಲ್ಲಿ ಮನೆ ಕೊಂಡು, ಅದಕ್ಕೆ ಸಿಲೋನಿನ ತಮ್ಮ ತೋಟದ ನೆನಪಿನಲ್ಲಿ ಡಿಂಬೋಲ ಎಂದು ಹೆಸರಿಟ್ಟರು. ಹೊರನೋಟಕ್ಕೆ ಅನುಕೂಲಸ್ಥ ಕುಟುಂಬವಾಗಿದ್ದರೂ ವರಮಾನವು ಸಿಲೋನಿನ ಕಾಫಿ ಬೆಳೆಯನ್ನೇ ನೆಚ್ಚಿತ್ತು. ಹಣದ ಚಿಂತೆ ಮನೆಯನ್ನು ಎಂದೂ ಬಿಡಲಿಲ್ಲ.

ಛಾಯಾಗ್ರಹಣ

1863ರ ಡಿಸೆಂಬರಿನಲ್ಲಿ ಮಗಳು ಮತ್ತು ಅಳಿಯ ಬೇಸರ ಕಳೆಯಲೆಂದು ಅವರಿಗೆ ಒಂದು ಕ್ಯಾಮೆರಾ ಉಡುಗೊರೆ ಕೊಟ್ಟರು. ಕಲ್ಲಿದ್ದಲು ಇಡುವ ಕೋಣೆ ಕತ್ತಲೆಕೋಣೆಯಾಯಿತು. ಗಾಜು ಹೊದಿಸಿದ್ದ ಕೋಳಿಗೂಡು ಚಿತ್ರಶಾಲೆಯಾಯಿತು. 1864ರ ಜನವರಿಯ ಕೊನೆಯಲ್ಲಿ ತೆಗೆದ ಆನಿ ಫಿಲ್‌ಪಾಟ್ ಎಂಬ ಬಾಲಕಿಯ ಚಿತ್ರವನ್ನು ಅವರು ತಮ್ಮ ಮೊದಲ ಯಶಸ್ಸೆಂದು ಪರಿಗಣಿಸಿದರು. ಅದೇ ವರ್ಷ ಲಂಡನ್ನಿನ ಫೋಟೊಗ್ರಾಫಿಕ್ ಸೊಸೈಟಿಯ ಸದಸ್ಯತ್ವ ದೊರೆಯಿತು.

ಕ್ಯಾಮರೂನ್ ಅನುಸರಿಸಿದ್ದು ಆ ಕಾಲದಲ್ಲಿ ರೂಢಿಯಲ್ಲಿದ್ದ ಒದ್ದೆ ಕೊಲೋಡಿಯನ್ ವಿಧಾನ. ಗಾಜಿನ ಫಲಕದ ಮೇಲೆ ಅಂಟಾದ ಕೊಲೋಡಿಯನ್ನನ್ನು ಸಮವಾಗಿ ಹರಿಸಿ, ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿ, ಲೇಪ ಒಣಗುವ ಮೊದಲೇ ಚಿತ್ರ ತೆಗೆದು ಸಂಸ್ಕರಿಸಬೇಕಾಗಿತ್ತು. ಒಂದು ಧೂಳಿನ ಕಣ, ಒಂದು ಬೆರಳಚ್ಚು ಸಾಕು, ಫಲಕ ಕೆಡಲು. ಕೈಗಳು ಬೆಳ್ಳಿಯ ಲವಣದಿಂದ ಕಪ್ಪಾಗುತ್ತಿದ್ದವು. ಪೊಟ್ಯಾಸಿಯಂ ಸಯನೈಡಿನಂಥ ಘೋರ ವಿಷವನ್ನು ಅವರು ಬಳಸುತ್ತಿದ್ದ ರೀತಿಯನ್ನು ತಿಳಿದು ಹರ್ಶೆಲ್ ಪತ್ರ ಬರೆದು ಎಚ್ಚರಿಸಿದ್ದರು. ಸಿದ್ಧವಾದ ನೆಗೆಟಿವನ್ನು ಮೊಟ್ಟೆಯ ಬಿಳಿಭಾಗ ಲೇಪಿಸಿದ ಆಲ್ಬುಮೆನ್ ಕಾಗದದ ಮೇಲಿಟ್ಟು ಬಿಸಿಲಿನಲ್ಲಿ ಪ್ರತಿ ತೆಗೆಯಲಾಗುತ್ತಿತ್ತು. ಚಿತ್ರವನ್ನು ಹಿಗ್ಗಿಸುವ ಕ್ರಮವನ್ನು ಅವರು ಅನುಸರಿಸಲಿಲ್ಲ. ಆದುದರಿಂದ ಪ್ರತಿಯ ಗಾತ್ರ ಫಲಕದ ಗಾತ್ರವೇ. ದೊಡ್ಡ ಮುಖ ಬೇಕೆಂದರೆ ದೊಡ್ಡ ಫಲಕವೇ ಬೇಕು. 1866ರಲ್ಲಿ ಅವರು 15 ಅಂಗುಲ ಉದ್ದ, 12 ಅಂಗುಲ ಅಗಲದ ಫಲಕ ಹಿಡಿಸುವ ಕ್ಯಾಮೆರಾ ಕೊಂಡದ್ದು ಇದಕ್ಕಾಗಿಯೇ.

ಈ ಚಿತ್ರಗಳ ನೋಟಕ್ಕೆ ಕಾರಣಗಳು ಆ ವಿಧಾನದಲ್ಲಿಯೇ ಇವೆ. ಅಷ್ಟು ದೊಡ್ಡ ಫಲಕದಲ್ಲಿ ಮುಖವನ್ನು ಸಮೀಪದಿಂದ ಹಿಡಿದಾಗ ಸ್ಪಷ್ಟತೆಯ ವಲಯ ಬಹಳ ತೆಳುವಾಗುತ್ತದೆ; ಕಣ್ಣು ಸ್ಪಷ್ಟವಾದರೆ ಕಿವಿ ಮಸುಕು. ಕ್ಯಾಮರೂನ್ ಬೆಳಕನ್ನು ತಗ್ಗಿಸುತ್ತಿದ್ದುದರಿಂದ ಕೆಲವೊಮ್ಮೆ ನಿಮಿಷಗಟ್ಟಲೆ ಕದಲದೆ ಕುಳಿತಿರಬೇಕಾಗಿತ್ತು, ಆದರೂ ಉಸಿರಾಟದ ಚಲನೆಯಷ್ಟಾದರೂ ಚಿತ್ರದಲ್ಲಿ ಉಳಿಯುತ್ತಿತ್ತು. ಕೊಲೋಡಿಯನ್ ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುತ್ತದೆ, ಕೆಂಪಿಗೆ ಬಹುತೇಕ ಕುರುಡು. ಹೀಗಾಗಿ ನೀಲಿ ಕಣ್ಣು ತೀರ ತಿಳಿಯಾಗಿಯೂ ತುಟಿ ಮತ್ತು ಚರ್ಮದ ಕಲೆಗಳು ಕಡುವಾಗಿಯೂ ಮೂಡುತ್ತವೆ. ಕಂದು ಬಣ್ಣವೂ ಮೇಲೆ ಬಳಿದದ್ದಲ್ಲ. ಅದು ಆಲ್ಬುಮೆನ್ ಕಾಗದದ ಬೆಳ್ಳಿಯ ಬಣ್ಣ. ಚಿನ್ನದ ಲವಣದಲ್ಲಿ ಅದ್ದಿದಾಗ ಅದು ನೇರಳೆಯ ಕಡೆಗೆ ವಾಲುತ್ತದೆ, ಕಾಲ ಕಳೆದಂತೆ ಬಿಳಿಯ ಭಾಗಗಳು ಹಳದಿಗೆ ತಿರುಗುತ್ತವೆ. ಚಿತ್ರದ ಮೇಲೆ ಒಂದೇ ಸಮನಾಗಿ ಕಂದು ಬಣ್ಣ ಎಳೆಯುವ ಇಂದಿನ ಸಂಪಾದನೆಗಳು ಕೃತಕವಾಗಿ ತೋರುವುದಕ್ಕೆ ಈ ಭೇದವನ್ನು ಮರೆಯುವುದೇ ಮುಖ್ಯ ಕಾರಣ.

ಮುಖವನ್ನು ತಿದ್ದಿ ನಯಗೊಳಿಸುವುದು ವೃತ್ತಿಪರ ಚಿತ್ರಶಾಲೆಗಳ ರೂಢಿಯಾಗಿದ್ದರೂ ಕ್ಯಾಮರೂನ್ ಅದನ್ನು ಒಪ್ಪಲಿಲ್ಲ. ಸುಕ್ಕು, ನೆರಿಗೆ, ಕೆದರಿದ ಕೂದಲು ಇದ್ದಂತೆಯೇ ಉಳಿದವು. ಆದರೆ ಅವರು ನೆಗೆಟಿವನ್ನು ಮುಟ್ಟಲೇ ಇಲ್ಲವೆಂದು ಹೇಳುವಂತಿಲ್ಲ. ಟೆನಿಸನ್ನರ ಕಾವ್ಯಕ್ಕಾಗಿ ರಚಿಸಿದ ಆರ್ಥರ್ ರಾಜನ ಅಂತಿಮಯಾತ್ರೆಯ ಚಿತ್ರದಲ್ಲಿ ಚಂದ್ರನನ್ನು ನೆಗೆಟಿವಿನ ಮೇಲೆಯೇ ಗೀರಿ ಮೂಡಿಸಲಾಗಿದೆ.

ವಿವಾದ ಮತ್ತು ಮನ್ನಣೆ

ಛಾಯಾಗ್ರಹಣ ಪತ್ರಿಕೆಗಳು ಇವರ ಮೇಲೆ ಕಟುವಾದ ಟೀಕೆ ಮಾಡಿದವು. ಮಸುಕು, ಗೀರು, ಬಿರುಕು, ಲೇಪದ ಕಲೆಗಳು ಅಜ್ಞಾನದ ಫಲವೆಂಬುದು ಟೀಕಾಕಾರರ ನಿಲುವಾಗಿತ್ತು. ಕ್ಯಾಮರೂನ್ ಅವರ ಉತ್ತರ ಬೇರೆ: ನೋಟ ಸುಂದರವೆನಿಸಿದ ಕ್ಷಣದಲ್ಲಿ ಮಸೂರದ ಹೊಂದಾಣಿಕೆಯನ್ನು ನಿಲ್ಲಿಸುತ್ತಿದ್ದೆನೇ ಹೊರತು, ಎಲ್ಲರೂ ಒತ್ತಾಯಿಸುವ ತೀಕ್ಷ್ಣತೆಯವರೆಗೆ ಒಯ್ಯುತ್ತಿರಲಿಲ್ಲವೆಂದು ಅವರು ತಮ್ಮ ಅಪೂರ್ಣ ಆತ್ಮಕಥನದಲ್ಲಿ ವಿವರಿಸಿದ್ದಾರೆ. ಎರಡೂ ಪಕ್ಷಗಳಲ್ಲಿ ಸತ್ಯಾಂಶವಿದೆ. ಮಸುಕು ಅವರ ಆಯ್ಕೆ. ಎಲ್ಲ ಕಲೆಗಳೂ ಆಯ್ಕೆಯಾಗಿರಲಿಲ್ಲ. ನೆಗೆಟಿವುಗಳ ಲೇಪ ಜೇಡರಬಲೆಯಂತೆ ಬಿರಿದಾಗ ಅವರು ಕಳವಳಗೊಂಡು ಪರಿಹಾರ ಹುಡುಕಿದ್ದುಂಟು.

ಕಲಾವಿದರ ವಲಯದಲ್ಲಿ ಮಾತ್ರ ಮೊದಲಿನಿಂದಲೂ ಮೆಚ್ಚುಗೆಯಿತ್ತು. ಚಿತ್ರಕಾರ ಜಿ. ಎಫ್. ವಾಟ್ಸ್ ಅವರಿಗೆ ಸಲಹೆಗಾರರಾಗಿದ್ದರು. ಬರ್ಲಿನ್ನಿನ ಪ್ರದರ್ಶನಗಳಲ್ಲಿ 1865ರಲ್ಲಿ ಕಂಚಿನ ಪದಕವೂ 1866ರಲ್ಲಿ ಚಿನ್ನದ ಪದಕವೂ ಲಭಿಸಿದವು. ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯ (ಇಂದಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ) 1865ರಲ್ಲಿ ಅವರ ಕೃತಿಗಳನ್ನು ಕೊಂಡುಕೊಂಡಿತು. 1868ರಲ್ಲಿ ಚಿತ್ರಶಾಲೆಗಾಗಿ ಎರಡು ಕೋಣೆಗಳನ್ನೂ ಒದಗಿಸಿತು. ಕೃತಿಗಳಿಂದ ಹಣ ಬರಲೆಂದು ಅವರು ನೂರಾರು ಚಿತ್ರಗಳ ಹಕ್ಕುಸ್ವಾಮ್ಯ ನೋಂದಾಯಿಸಿದರೂ ಮಾರಾಟವು ಖರ್ಚಿಗೆ ಸಾಲುವಷ್ಟು ಆಗಲಿಲ್ಲ.

ಪ್ರಮುಖ ಭಾವಚಿತ್ರಗಳು

1867ರಲ್ಲಿ ತೆಗೆದ ಹರ್ಶೆಲ್ ಭಾವಚಿತ್ರ ಇವರ ಶ್ರೇಷ್ಠ ಕೃತಿಗಳಲ್ಲೊಂದು. ಮುಪ್ಪಿನ ವಿಜ್ಞಾನಿಯ ಬಿಳಿಗೂದಲು ಬೆಳಕನ್ನು ಹಿಡಿಯುವಂತಿರಲೆಂದು ಅದನ್ನು ಮೊದಲೇ ತೊಳೆಸಿ ಕೆದರಿಸಿದ್ದರು. ಕತ್ತಲೆಯಿಂದ ಮುಖವೊಂದೇ ಹೊಮ್ಮಿ ಬರುವ ಈ ಚಿತ್ರದಲ್ಲಿ ಪದವಿಯನ್ನು ಸೂಚಿಸುವ ಯಾವ ಉಪಕರಣವೂ ಪುಸ್ತಕವೂ ಇಲ್ಲ. ಅದೇ ವರ್ಷ ಥಾಮಸ್ ಕಾರ್ಲೈಲ್, 1868ರಲ್ಲಿ ಚಾರ್ಲ್ಸ್ ಡಾರ್ವಿನ್ ಅವರ ಚಿತ್ರಗಳು ಮೂಡಿದವು. ಸೋದರಿಯ ಮಗಳು ಜೂಲಿಯಾ ಜಾಕ್ಸನ್ ಹಲವು ಬಾರಿ ರೂಪದರ್ಶಿಯಾಗಿದ್ದರು. ಲೇಖಕಿ ವರ್ಜೀನಿಯಾ ವುಲ್ಫ್ ಈಕೆಯ ಮಗಳು.

ಮನೆಯ ಕೆಲಸದವರೂ ರೂಪದರ್ಶಿಗಳಾಗಿದ್ದರು. ಮೇರಿ ಹಿಲಿಯರ್ ಅನೇಕ ಚಿತ್ರಗಳಲ್ಲಿ ಕನ್ಯೆ ಮೇರಿಯಾಗಿ ಕಾಣಿಸಿಕೊಂಡಳು. ಭಿಕ್ಷೆ ಬೇಡುತ್ತಿದ್ದ ಐರಿಷ್ ಕುಟುಂಬದಿಂದ ಬಂದು ಈ ಮನೆಯಲ್ಲಿ ಬೆಳೆದ ಮೇರಿ ರಯಾನ್‌ಳ ಕಥೆ ಇನ್ನೂ ಸ್ವಾರಸ್ಯಕರವಾದುದು: ಅವಳನ್ನು ಮೆಚ್ಚಿ 1867ರಲ್ಲಿ ವಿವಾಹವಾದ ಹೆನ್ರಿ ಕಾಟನ್, ಭಾರತೀಯ ಸಿವಿಲ್ ಸೇವೆಯಲ್ಲಿದ್ದು, 1904ರಲ್ಲಿ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸಿನ ಅಧ್ಯಕ್ಷರಾದರು.

ಕೊನೆಯ ವರ್ಷಗಳು

ಕ್ಯಾಮೆರಾ ಕೊಟ್ಟ ಮಗಳು 1873ರಲ್ಲಿ ತೀರಿಕೊಂಡಳು. ಸಿಲೋನಿನ ಕಾಫಿ ತೋಟಗಳಿಗೆ ಎಲೆತುಕ್ಕು ರೋಗ ತಗುಲಿ ವರಮಾನ ಕುಸಿದಿತ್ತು. 1875ರಲ್ಲಿ ದಂಪತಿಗಳು ಗಂಡುಮಕ್ಕಳಿದ್ದ ಸಿಲೋನಿಗೆ ತೆರಳಿದರು. ಅಲ್ಲಿ ಛಾಯಾಗ್ರಹಣ ಬಹಳ ಕಡಿಮೆಯಾಯಿತು. ತೋಟದ ಕಾರ್ಮಿಕರು ಮತ್ತು ಸ್ಥಳೀಯರ ಕೆಲವೇ ಚಿತ್ರಗಳು ಉಳಿದಿವೆ. ಇಂಗ್ಲೆಂಡಿನ ಗಣ್ಯರ ಚಿತ್ರಗಳಿಗೆ ಹೆಸರುಗಳಿರುವಂತೆ ಇವುಗಳಲ್ಲಿ ಹೆಚ್ಚಿನವಕ್ಕೆ ಹೆಸರಿಲ್ಲ. 1879ರ ಜನವರಿ 26ರಂದು ಕ್ಯಾಮರೂನ್ ನಿಧನರಾದರು. ಬೊಗವಂತಲಾವದ ಸೇಂಟ್ ಮೇರಿ ಚರ್ಚಿನಲ್ಲಿ ಅವರ ಸಮಾಧಿಯಿದೆ. ಮರುವರ್ಷ ಪತಿಯೂ ತೀರಿಕೊಂಡರು.

1913ರಲ್ಲಿ ಆಲ್ಫ್ರೆಡ್ ಸ್ಟೀಗ್ಲಿಟ್ಜ್ ತಮ್ಮ ಕ್ಯಾಮೆರಾ ವರ್ಕ್ ಪತ್ರಿಕೆಯಲ್ಲಿ ಇವರ ಚಿತ್ರಗಳನ್ನು ಪ್ರಕಟಿಸಿದರು. 1926ರಲ್ಲಿ ವರ್ಜೀನಿಯಾ ವುಲ್ಫ್ ಮತ್ತು ರೋಜರ್ ಫ್ರೈ ಅವರ ಪ್ರಸ್ತಾವನೆಗಳೊಂದಿಗೆ ಒಂದು ಸಂಪುಟ ಹೊರಬಂದಿತು. ಫ್ರೆಶ್‌ವಾಟರ್‌ನ ಡಿಂಬೋಲ ಈಗ ವಸ್ತುಸಂಗ್ರಹಾಲಯವಾಗಿದೆ.